ಡಿಸ್ಕ್ ಕಾಣುತ್ತಿಲ್ಲ, ಪೋರ್ಟ್ ಓಡುತ್ತಿಲ್ಲ: ಮಲೆನಾಡಿನ ಕಂಪ್ಯೂಟರುಗಳಿಗೆ ಬಯಾಸ್ ಸೆಟ್ಟಿಂಗ್, ಹಂತ ಹಂತವಾಗಿ

ಸಿಡಿಲಿಗೆ ಹೆದರಿ ಮೇ ತಿಂಗಳಲ್ಲೇ ಪ್ಲಗ್ ಕಿತ್ತಿಟ್ಟ ಕಂಪ್ಯೂಟರನ್ನು ಮಳೆ ಬಿಟ್ಟ ಮೇಲೆ ಆನ್ ಮಾಡಿದರೆ ‘ನೋ ಬೂಟ್ ಡಿವೈಸ್’ ಎನ್ನುತ್ತದೆ. ಇಲ್ಲವೆ ನೀಲಿ ಪರದೆ ಬಂದು ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತದೆ. ಹಾರ್ಡ್‌ಡಿಸ್ಕ್ ಹೋಯಿತು ಎಂದು ತೀರ್ಮಾನಿಸಿ ಯಾರಾದರೂ ಫಾರ್ಮ್ಯಾಟ್ ಹೊಡೆದರೆ ಮಂಡಿಯ ಲೆಕ್ಕ, ಸಂಘದ ಖಾತೆ, ಮನೆಯ ಫೋಟೋ ಎಲ್ಲ ಒಟ್ಟಿಗೇ ಮುಗಿಯಿತು. ಎಷ್ಟೋ ಸಲ ಡಿಸ್ಕ್ ಗಟ್ಟಿಯಾಗಿಯೇ ಇರುತ್ತದೆ. ಸತ್ತಿರುವುದು ಮದರ್‌ಬೋರ್ಡಿನ ಮೇಲಿರುವ ಬಿಲ್ಲೆಯಂಥ ಸೆಲ್, ಅದರ ಜೊತೆಗೆ ಹೋಗಿರುವುದು ಬಯಾಸ್ (ವಿಂಡೋಸ್ ಬರುವ ಮುಂಚೆ ಯಂತ್ರವನ್ನು ಎಬ್ಬಿಸುವ, ಬೋರ್ಡಿನೊಳಗಿನ ತಂತ್ರಾಂಶ) ಸೆಟ್ಟಿಂಗ್.

ಪ್ಲಗ್ ಹಾಕಿದ್ದಷ್ಟು ಕಾಲ ಕಂಪ್ಯೂಟರ್ ಆಫ್ ಆಗಿದ್ದರೂ ಎಸ್‌ಎಂಪಿಎಸ್‌ನಿಂದ (ಒಳಗಿನ ಪವರ್ ಸಪ್ಲೈ ಡಬ್ಬ) 5 ವೋಲ್ಟ್ ಸ್ಟ್ಯಾಂಡ್‌ಬೈ ಕರೆಂಟು ಬೋರ್ಡಿಗೆ ಬರುತ್ತಿರುತ್ತದೆ, ಗಡಿಯಾರವನ್ನು ಅದೇ ನಡೆಸುತ್ತದೆ. ಪ್ಲಗ್ ಕಿತ್ತ ಕ್ಷಣದಿಂದ ಭಾರವೆಲ್ಲ ಸೆಲ್ ಮೇಲೆ. ತಿಂಗಳುಗಟ್ಟಲೆ ಹಾಗೇ ಇಟ್ಟರೆ ಹಳೆಯ ಸೆಲ್ ಬರಿದಾಗುತ್ತದೆ. ಆಗ ಹಲವು ಬೋರ್ಡುಗಳು ಕಂಪನಿಯಿಂದ ಬಂದಾಗಿನ ಸೆಟ್ಟಿಂಗಿಗೆ ಮರಳುತ್ತವೆ. ನಿಮ್ಮ ವಿಂಡೋಸ್ ಇನ್‌ಸ್ಟಾಲ್ ಆದದ್ದು ಬೇರೆ ಸೆಟ್ಟಿಂಗಿನಲ್ಲಾಗಿದ್ದರೆ ತೊಂದರೆ ಶುರುವಾಗುವುದು ಅಲ್ಲಿಂದ. ಸಿಡಿಲಿಗೆ ಪ್ಲಗ್ ಕೀಳಬೇಡಿ ಎನ್ನುತ್ತಿಲ್ಲ. ಕೀಳಲೇಬೇಕು. ಆದರೆ ಅದರ ಪರಿಣಾಮ ಗೊತ್ತಿರಬೇಕು.

ಓದುಗರು ಸೋಲುವುದು ಸೆಟ್ಟಿಂಗ್ ಗೊತ್ತಿಲ್ಲದೆ ಅಲ್ಲ, ಸಿಕ್ಕಿದ್ದನ್ನೆಲ್ಲ ಒಂದೇ ಸಲ ಬದಲಿಸಿ. ಕ್ರಮ ಹೀಗಿರಲಿ: ಮೊದಲು ಸೆಲ್, ಆಮೇಲೆ ಕೇಬಲ್, ಆಮೇಲೆ ಸಾಟಾ (ಡಿಸ್ಕನ್ನು ಬೋರ್ಡಿಗೆ ಜೋಡಿಸುವ ದಾರಿ) ಮೋಡ್, ನಂತರ ಬೂಟ್ (ವಿಂಡೋಸ್ ಎದ್ದು ಬರುವುದು) ಬಗೆ, ನಂತರ ಬೂಟ್ ಸಾಲು, ಕೊನೆಗೆ ಪೋರ್ಟುಗಳು. ಒಂದು ಬದಲಾವಣೆ, ಒಂದು ರೀಸ್ಟಾರ್ಟ್. ಎರಡು ಬದಲಿಸಿದಿರೋ, ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಎಂಬುದೇ ತಿಳಿಯುವುದಿಲ್ಲ.

ಮೊದಲೇ ಕೈಗೆ ಸಿಗುವಂತೆ ಇಟ್ಟುಕೊಳ್ಳಿ

ವೈರ್ ಇರುವ ಯುಎಸ್‌ಬಿ ಕೀಬೋರ್ಡ್, ಸ್ಟಾರ್ ಸ್ಕ್ರೂಡ್ರೈವರ್, ಸಿಆರ್2032 ಸೆಲ್ ಒಂದು, ಸಾಟಾ ಡೇಟಾ ಕೇಬಲ್ ಒಂದು, ಸಾಧ್ಯವಾದರೆ ಮಲ್ಟಿಮೀಟರ್, 8 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪೆನ್‌ಡ್ರೈವಿನಲ್ಲಿ ವಿಂಡೋಸ್ ಇನ್‌ಸ್ಟಾಲರ್, ಮತ್ತು ಫೋಟೋ ತೆಗೆಯಲು ಫೋನ್. ಸೆಲ್ಲು ವಾಚ್ ಅಂಗಡಿಯಲ್ಲೂ ಸಿಗುತ್ತದೆ, ಅದಕ್ಕಾಗಿ ಶಿವಮೊಗ್ಗದ ದುರ್ಗಿಗುಡಿಯವರೆಗೆ ಬಸ್ ಹತ್ತಬೇಕಿಲ್ಲ. ಸಿಆರ್2025 ಕೊಟ್ಟರೆ ಬೇಡ ಎನ್ನಿ. ಅದೂ 3 ವೋಲ್ಟಿನದೇ, ಆದರೆ ತೆಳು. ಹೋಲ್ಡರಿನಲ್ಲಿ ಸಡಿಲವಾಗಿ ಕೂರುತ್ತದೆ.

ಇವಕ್ಕಿಂತ ಮುಖ್ಯವಾದವು ಎರಡು. ಒಂದು, ವಿಂಡೋಸ್ ಖಾತೆಯ ಪಾಸ್‌ವರ್ಡ್. ಬರೀ ಪಿನ್ ಗೊತ್ತಿದ್ದರೆ ಸಾಲದು, ಸೇಫ್ ಮೋಡಿನಲ್ಲಿ (ಕನಿಷ್ಠ ಡ್ರೈವರುಗಳೊಂದಿಗೆ ವಿಂಡೋಸ್ ತೆರೆಯುವ ರೀತಿ) ಪಿನ್ ಕೈಕೊಡಬಹುದು. ಎರಡು, ಬಿಟ್‌ಲಾಕರ್‌ನ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) 48 ಅಂಕಿಗಳ ರಿಕವರಿ ಕೀ. ವಿಂಡೋಸ್ 11 ಲ್ಯಾಪ್‌ಟಾಪಿಗೆ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿದ್ದರೆ, ನಿಮಗೆ ಗೊತ್ತಿಲ್ಲದೆಯೇ ಡಿಸ್ಕ್ ಎನ್‌ಕ್ರಿಪ್ಟ್ ಆಗಿರಬಹುದು. ಅಂಥ ಯಂತ್ರದ ಬಯಾಸ್ ಮುಟ್ಟಿದರೆ ಮುಂದಿನ ಸಲ ನೀಲಿ ಪರದೆ ಈ ಕೀ ಕೇಳುತ್ತದೆ. ಫೋನಿನಲ್ಲಿ ಮೈಕ್ರೋಸಾಫ್ಟ್ ಖಾತೆ ತೆರೆದು ಕೀ ಅಲ್ಲಿದೆಯೇ ಎಂದು ನೋಡಿ, ಕಾಗದದ ಮೇಲೆ ಬರೆದುಕೊಂಡು ಮುಂದುವರಿಯಿರಿ.

ಹಂತ 1: ಒಳಗೆ ಹೋಗಿ, ಮೊದಲು ಫೋಟೋ ತೆಗೆಯಿರಿ

ಪವರ್ ಬಟನ್ ಒತ್ತಿದ ತಕ್ಷಣ ಕೀಯನ್ನು ಒಂದೇ ಸಮನೆ ತಟ್ಟುತ್ತಿರಿ, ಹಿಡಿದುಕೊಂಡು ಕೂರಬೇಡಿ. ಡೆಲ್, ಏಸರ್ ಮತ್ತು ಆಸುಸ್ ಲ್ಯಾಪ್‌ಟಾಪುಗಳಿಗೆ ಎಫ್2, ಎಚ್‌ಪಿಗೆ ಎಫ್10, ಲೆನೊವೊದ ಥಿಂಕ್ ಸರಣಿಗೆ ಎಫ್1. ಗಿಗಾಬೈಟ್, ಆಸುಸ್, ಎಂಎಸ್‌ಐ ಬೋರ್ಡ್ ಹಾಕಿ ಜೋಡಿಸಿದ ಡೆಸ್ಕ್‌ಟಾಪ್ ಆದರೆ ಡಿಲೀಟ್ ಕೀ.

ವಿಂಡೋಸ್ ಓಡುತ್ತಿದ್ದರೆ ಇನ್ನೂ ಸುಲಭ. ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತಿ, ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್ ಎಂದು ಹೋಗಿ (ಯುಇಎಫ್‌ಐ ಎಂದರೆ ಬಯಾಸಿನ ಹೊಸ ರೂಪ). ಈ ಕೊನೆಯ ಸಾಲು ಕಾಣದಿದ್ದರೆ ನಿಮ್ಮ ವಿಂಡೋಸ್ ಬಹುತೇಕ ಹಳೆಯ ಲೆಗಸಿ ರೀತಿಯಲ್ಲಿ ಬೂಟ್ ಆಗುತ್ತಿದೆ. ಹಂತ 5ಕ್ಕೆ ಈ ಮಾಹಿತಿ ಬೇಕಾಗುತ್ತದೆ.

ಕೀ ಎಷ್ಟು ತಟ್ಟಿದರೂ ಒಳಗೆ ಹೋಗದಿದ್ದರೆ ಕೀಬೋರ್ಡನ್ನು ಹಿಂಬದಿಯ ಕಪ್ಪು ಬಣ್ಣದ ಯುಎಸ್‌ಬಿ 2.0 ಪೋರ್ಟಿಗೆ ಬದಲಿಸಿ. ಬಯಾಸಿನಲ್ಲಿ ಫಾಸ್ಟ್ ಬೂಟ್ ಆನ್ ಇದ್ದರೆ ವಿಂಡೋಸ್ ಬರುವವರೆಗೂ ಯುಎಸ್‌ಬಿ ಕೀಬೋರ್ಡ್ ಎಚ್ಚರವಾಗದೇ ಇರಬಹುದು.

ಒಳಗೆ ಹೋದ ಮೇಲೆ ಏನನ್ನೂ ಮುಟ್ಟದೆ ಪ್ರತಿ ಪುಟದ ಫೋಟೋ ತೆಗೆಯಿರಿ. ಮೇನ್, ಅಡ್ವಾನ್ಸ್‌ಡ್, ಸ್ಟೋರೇಜ್, ಬೂಟ್, ಸೆಕ್ಯುರಿಟಿ ಯಾವುದನ್ನೂ ಬಿಡಬೇಡಿ. ಹತ್ತು ನಿಮಿಷದ ಕೆಲಸ. ಇದನ್ನು ಬಿಟ್ಟವರೇ ಆಮೇಲೆ ‘ಮೊದಲು ಹೇಗಿತ್ತು’ ಎಂದು ಕೇಳುವವರು.

ಹಂತ 2: ಗಡಿಯಾರ ನೋಡಿ, ಸೆಲ್ ಬದಲಿಸಿ

ಮೇನ್ ಪುಟದ ದಿನಾಂಕ ಹಲವು ವರ್ಷ ಹಿಂದಿದ್ದರೆ ಸೆಲ್ ಹೋಗಿದೆ. ಬೇರೆ ಸುಳಿವುಗಳೂ ಇವೆ: ಆನ್ ಮಾಡಿದಾಗ ‘ಸಿಮೋಸ್ ಚೆಕ್‌ಸಮ್ ಎರರ್’ ಅಥವಾ ‘ಪ್ರೆಸ್ ಎಫ್1’ ಎಂದು ನಿಲ್ಲುವುದು, ಎಚ್‌ಪಿಯಲ್ಲಿ 163 ಎಂಬ ಸಂಖ್ಯೆ ಬರುವುದು. ವಿಂಡೋಸ್ ಬಂದರೂ ಬ್ಯಾಂಕಿನ ಮತ್ತು ಸರ್ಕಾರದ ವೆಬ್‌ಸೈಟುಗಳು ಸರ್ಟಿಫಿಕೇಟ್ ದೋಷ ತೋರಿಸಿ ತೆರೆಯುವುದೇ ಇಲ್ಲ. ಇಂಟರ್ನೆಟ್ ಕೆಟ್ಟಿದೆ ಎಂದು ಕೇಬಲಿನವರಿಗೆ ಫೋನ್ ಮಾಡುವ ಮುಂಚೆ ಕೆಳಗಿನ ಮೂಲೆಯ ತಾರೀಖು ನೋಡಿ.

ಸೆಲ್ ಬದಲಿಸುವಾಗ ಪ್ಲಗ್ ಕಿತ್ತು, ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಹೋಲ್ಡರಿನ ಪಕ್ಕದ ಕ್ಲಿಪ್ಪನ್ನು ಉಗುರಿನಿಂದ ಸರಿಸಿದರೆ ಸೆಲ್ ಮೇಲೇಳುತ್ತದೆ. ಹೊಸ ಸೆಲ್ 3 ವೋಲ್ಟಿಗಿಂತ ಸ್ವಲ್ಪ ಹೆಚ್ಚು ತೋರಿಸಬೇಕು. ಹಳೆಯದು 2.8ಕ್ಕಿಂತ ಕಡಿಮೆಯಿದ್ದರೆ ಎಸೆಯಿರಿ. ಪ್ಲಸ್ ಗುರುತಿನ ಮುಖ ಮೇಲಕ್ಕೆ. ಹೋಲ್ಡರಿನ ಲೋಹದ ನಾಲಗೆಯಲ್ಲಿ ಹಸಿರು ಕಿಲುಬು ಇದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬ್ರಶ್‌ನಿಂದ ಒರೆಸಿ, ಪೂರ್ತಿ ಒಣಗಿಸಿ. ಆಗುಂಬೆ, ಹೊಸನಗರ ಕಡೆಯ ತೇವಕ್ಕೆ ಈ ಕಿಲುಬು ಸಾಮಾನ್ಯ, ಹೊಸ ಸೆಲ್ ಹಾಕಿದರೂ ಗಡಿಯಾರ ನಿಲ್ಲಲು ಇದೇ ಕಾರಣವಾಗಬಹುದು.

ದಿನಾಂಕ, ಸಮಯ ಸರಿಮಾಡಿ, ಎಫ್10 ಒತ್ತಿ ಸೇವ್ ಮಾಡಿ. ಎಷ್ಟೋ ಯಂತ್ರಗಳು ಇಲ್ಲಿಗೇ ಸರಿಹೋಗುತ್ತವೆ.

ಹಂತ 3: ಡಿಸ್ಕ್ ಬಯಾಸಿಗೆ ಕಾಣುತ್ತಿದೆಯೇ?

ಮೇನ್ ಅಥವಾ ಸ್ಟೋರೇಜ್ ಪುಟದಲ್ಲಿ ಸಾಟಾ ಪೋರ್ಟುಗಳ ಪಟ್ಟಿ ಇರುತ್ತದೆ. ಅಲ್ಲಿ ಡಿಸ್ಕಿನ ಮಾಡೆಲ್ ಹೆಸರು ಬಂದರೆ ಕೇಬಲ್ ಸರಿಯಿದೆ, ಹಂತ 4ಕ್ಕೆ ಹೋಗಿ. ‘ನಾಟ್ ಡಿಟೆಕ್ಟೆಡ್’ ಎಂದಿದ್ದರೆ ಇನ್ನಾವ ಸೆಟ್ಟಿಂಗ್ ಬದಲಿಸಿಯೂ ಪ್ರಯೋಜನವಿಲ್ಲ. ಮೊದಲು ಆ ಪೋರ್ಟ್ ಎನೇಬಲ್ ಆಗಿದೆಯೇ ನೋಡಿ. ಆಗಿದ್ದರೆ ಪ್ಲಗ್ ಕಿತ್ತು ಡಬ್ಬ ತೆರೆಯಿರಿ.

ಡಿಸ್ಕಿಗೆ ಎರಡು ವೈರು: 7 ಪಿನ್ನಿನ ಕಿರಿದಾದದ್ದು ಡೇಟಾ, 15 ಪಿನ್ನಿನ ಅಗಲವಾದದ್ದು ಪವರ್. ಎರಡನ್ನೂ ಕಿತ್ತು ಮತ್ತೆ ಹಾಕಿ. ಆಗದಿದ್ದರೆ ಡೇಟಾ ಕೇಬಲ್ ಬದಲಿಸಿ. ಆಮೇಲೆ ಬೋರ್ಡಿನ ಬೇರೆ ಪೋರ್ಟಿಗೆ ಹಾಕಿ. ಇದೂ ಒಂದೊಂದಾಗಿಯೇ.

ವಿಂಡೋಸ್ ಬರುವ ಸ್ಥಿತಿಯಲ್ಲಿದ್ದರೆ ಕ್ರಿಸ್ಟಲ್ ಡಿಸ್ಕ್ ಇನ್ಫೊದಂಥ ತಂತ್ರಾಂಶದಲ್ಲಿ ಸ್ಮಾರ್ಟ್ ಅಂಕಿಗಳನ್ನು (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ನೋಡಿ. ಸಿ7 ಸಾಲಿನ ಸಂಖ್ಯೆ ಏರುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಕೇಬಲ್. 05 ಮತ್ತು ಸಿ5 ಸಾಲುಗಳು ಏರುತ್ತಿದ್ದರೆ ಡಿಸ್ಕ್ ಸಾಯುತ್ತಿದೆ, ಬಯಾಸ್ ಬಿಟ್ಟು ಮೊದಲು ಡೇಟಾ ನಕಲು ಮಾಡಿ. ಟಿಕ್ ಟಿಕ್ ಎಂದು ಒಂದೇ ತಾಳದಲ್ಲಿ ಸದ್ದು ಬಂದರೆ ಅಲ್ಲಿಗೇ ಆಫ್ ಮಾಡಿ. ಆ ಡಿಸ್ಕನ್ನು ಮತ್ತೆ ಮತ್ತೆ ಆನ್ ಮಾಡಿದಷ್ಟೂ ಡೇಟಾ ಸಿಗುವ ಆಸೆ ಕಡಿಮೆಯಾಗುತ್ತದೆ.

ಎಂ.2 ಎಸ್‌ಎಸ್‌ಡಿ ಹಾಕಿದವರು ಎಡವುವ ಜಾಗ ಬೇರೆ. ನೋಡಲು ಒಂದೇ ತರಹ ಇದ್ದರೂ ಎಂ.2ರಲ್ಲಿ ಸಾಟಾ ಮತ್ತು ಎನ್‌ವಿಎಂಇ ಎಂಬ ಎರಡು ಜಾತಿ ಇವೆ. ಎನ್‌ವಿಎಂಇ ಮಾತ್ರ ತಿಳಿಯುವ ಸ್ಲಾಟಿಗೆ ಸಾಟಾ ಕಾರ್ಡ್ ಹಾಕಿದರೆ ಅದು ಕಾಣುವುದೇ ಇಲ್ಲ. ಇನ್ನು ಕೆಲವು ಬೋರ್ಡುಗಳಲ್ಲಿ ಎಂ.2 ಸ್ಲಾಟ್ ತುಂಬಿದ ಕೂಡಲೇ ಒಂದೋ ಎರಡೋ ಸಾಟಾ ಪೋರ್ಟು ತಾನಾಗಿ ಬಂದ್ ಆಗುತ್ತದೆ, ದಾರಿ ಎರಡಕ್ಕೂ ಒಂದೇ ಆದ್ದರಿಂದ. ಹೊಸ ಎಸ್‌ಎಸ್‌ಡಿ ಹಾಕಿದ ದಿನವೇ ಹಳೆಯ ಹಾರ್ಡ್‌ಡಿಸ್ಕ್ ಮಾಯವಾದರೆ ಅದು ಸತ್ತಿದ್ದಲ್ಲ. ಬೋರ್ಡಿನ ಮ್ಯಾನ್ಯುಯಲ್‌ನಲ್ಲಿ ಯಾವ ಪೋರ್ಟು ಬಂದ್ ಆಗುತ್ತದೆ ಎಂಬ ಕೋಷ್ಟಕ ಇರುತ್ತದೆ. ಅದನ್ನು ನೋಡಿ ಕೇಬಲನ್ನು ಬೇರೆ ಪೋರ್ಟಿಗೆ ಹಾಕಿ.

ಎಚ್61 ಬೋರ್ಡ್ ಇರುವ ಹಳೆಯ ಡೆಸ್ಕ್‌ಟಾಪುಗಳು ಇನ್ನೂ ಬೇಕಾದಷ್ಟಿವೆ. ಅವುಗಳ ಚಿಪ್‌ಸೆಟ್ಟಿನ ಸಾಟಾ ವೇಗ 3 ಗಿಗಾಬಿಟ್ ಮಾತ್ರ, ಹಾಗಾಗಿ ಹೊಸ ಎಸ್‌ಎಸ್‌ಡಿ ಅರ್ಧ ವೇಗ ತೋರಿಸಿದರೆ ಅದು ದೋಷವಲ್ಲ. ಎಚ್81ರಲ್ಲಿ ಎರಡು ಪೋರ್ಟು 6 ಗಿಗಾಬಿಟ್ಟಿನವು, ಎರಡು 3ರವು. ಎಸ್‌ಎಸ್‌ಡಿಯನ್ನು 6ರದಕ್ಕೇ ಹಾಕಿ.

ಹಂತ 4: ಸಾಟಾ ಮೋಡ್, ಎಲ್ಲಕ್ಕಿಂತ ಹೆಚ್ಚು ಜನ ಬೀಳುವ ಗುಂಡಿ

ಬಯಾಸಿನಲ್ಲಿ ಸಾಟಾ ಮೋಡ್, ಸಾಟಾ ಆಪರೇಷನ್ ಅಥವಾ ಸಾಟಾ ಎಮ್ಯುಲೇಷನ್ ಎಂಬ ಹೆಸರಿನಲ್ಲಿ ಇದು ಇರುತ್ತದೆ. ಆಯ್ಕೆಗಳು ಐಡಿಇ (ಹಳೆಯ ರೀತಿ), ಎಎಚ್‌ಸಿಐ (ಇಂದಿನ ಸಾಮಾನ್ಯ ರೀತಿ), ರೇಡ್ (ಹಲವು ಡಿಸ್ಕ್ ಸೇರಿಸಿ ಬಳಸುವ ರೀತಿ). ಇಂಟೆಲ್‌ನ 11ನೇ ಪೀಳಿಗೆಯಿಂದ ಈಚಿನ ಹಲವು ಯಂತ್ರಗಳಲ್ಲಿ ವಿಎಂಡಿ (ಎನ್‌ವಿಎಂಇ ಡಿಸ್ಕನ್ನು ಇಂಟೆಲ್‌ನ ನಿಯಂತ್ರಣದಡಿ ತರುವ ವ್ಯವಸ್ಥೆ) ಎಂಬ ಇನ್ನೊಂದು ಸ್ವಿಚ್ ಬೇರೆ.

ವಿಂಡೋಸ್ ಯಾವ ಮೋಡಿನಲ್ಲಿ ಇನ್‌ಸ್ಟಾಲ್ ಆಯಿತೋ ಅದರ ಡ್ರೈವರನ್ನು ಮಾತ್ರ ಬೂಟ್ ಆಗುವಾಗ ಎಬ್ಬಿಸುತ್ತದೆ. ಬಯಾಸಿನಲ್ಲಿ ಮೋಡ್ ಬದಲಾದರೆ ತನ್ನದೇ ಡಿಸ್ಕ್ ಅದಕ್ಕೆ ಸಿಗುವುದಿಲ್ಲ. ಆಗ ಬರುವುದೇ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ನೀಲಿ ಪರದೆ. ಹಲವು ಡೆಲ್ ಮಾಡೆಲುಗಳ ಡಿಫಾಲ್ಟ್ ರೇಡ್. ಎಎಚ್‌ಸಿಐಯಲ್ಲಿ ವಿಂಡೋಸ್ ಹಾಕಿಸಿಕೊಂಡ ಯಂತ್ರ ಸೆಲ್ ಸತ್ತು ರೇಡ್‌ಗೆ ಮರಳಿದರೆ ಹೀಗೇ ಆಗುತ್ತದೆ.

ಪರಿಹಾರ ಸರಳ: ಈಗಿರುವುದು ರೇಡ್ ಆದರೆ ಎಎಚ್‌ಸಿಐ ಮಾಡಿ, ಎಎಚ್‌ಸಿಐ ಆದರೆ ರೇಡ್ ಮಾಡಿ. ಸೇವ್ ಮಾಡಿ ನೋಡಿ. ಬಂದರೆ ಅದೇ ಸರಿಯಾದ ಮೋಡ್, ಚೀಟಿಯಲ್ಲಿ ಬರೆದು ಡಬ್ಬದ ಒಳಮೈಗೆ ಅಂಟಿಸಿ. ಬರೀ ಮೋಡ್ ಬದಲಿಸಿ ನೋಡಿದರೆ ಒಂಟಿ ಡಿಸ್ಕಿನ ಡೇಟಾ ಅಳಿಯುವುದಿಲ್ಲ. ಅಳಿಯುವ ಅಪಾಯವಿರುವುದು ‘ಕ್ರಿಯೇಟ್ ರೇಡ್ ವಾಲ್ಯೂಮ್’ ಒತ್ತಿದರೆ, ಅಥವಾ ವಿಂಡೋಸ್ ರಿಪೇರಿ ಪರದೆಯಲ್ಲಿ ‘ರೀಸೆಟ್ ದಿಸ್ ಪಿಸಿ’ ಆರಿಸಿದರೆ. ಎರಡಕ್ಕೂ ಕೈ ಹಾಕಬೇಡಿ. ನಿಜವಾಗಿಯೂ ಎರಡು ಡಿಸ್ಕ್ ಸೇರಿಸಿ ರೇಡ್ ಮಾಡಿದ ಯಂತ್ರವಾದರೆ ಮೋಡ್ ರೇಡ್‌ನಲ್ಲೇ ಇರಬೇಕು.

ವಿಂಡೋಸ್ ಚೆನ್ನಾಗಿ ಓಡುತ್ತಿದ್ದು, ನೀವಾಗಿಯೇ ರೇಡ್‌ನಿಂದ ಎಎಚ್‌ಸಿಐಗೆ ಬದಲಿಸಬೇಕು ಎಂದರೆ ಹೀಗೆ ಮಾಡಿ:

1. ಬಿಟ್‌ಲಾಕರ್ ಆನ್ ಇದ್ದರೆ ಸಸ್ಪೆಂಡ್ ಮಾಡಿ. ರಿಕವರಿ ಕೀ ಕೈಯಲ್ಲಿರಲಿ.
2. ರನ್ ಪೆಟ್ಟಿಗೆಯಲ್ಲಿ ಎಂಎಸ್‌ಕಾನ್ಫಿಗ್ ತೆರೆದು, ಬೂಟ್ ಟ್ಯಾಬಿನಲ್ಲಿ ಸೇಫ್ ಬೂಟ್, ಮಿನಿಮಲ್ ಎಂದು ಗುರುತು ಹಾಕಿ.
3. ರೀಸ್ಟಾರ್ಟ್ ಮಾಡಿ. ವಿಂಡೋಸ್ ಬರಲು ಬಿಡದೆ ನೇರ ಬಯಾಸಿಗೆ ಹೋಗಿ ಎಎಚ್‌ಸಿಐ ಆರಿಸಿ, ಸೇವ್ ಮಾಡಿ.
4. ಸೇಫ್ ಮೋಡ್ ಬರುತ್ತದೆ, ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ. ವಿಂಡೋಸ್ ಹೊಸ ಡ್ರೈವರ್ ಎತ್ತಿಕೊಳ್ಳುವುದು ಈ ಹೊತ್ತಿನಲ್ಲೇ.
5. ಎಂಎಸ್‌ಕಾನ್ಫಿಗ್‌ನಲ್ಲಿ ಸೇಫ್ ಬೂಟ್ ಗುರುತು ತೆಗೆದು ಮತ್ತೆ ರೀಸ್ಟಾರ್ಟ್ ಮಾಡಿ.

ಎರಡನೆಯ ಹೆಜ್ಜೆ ಬಿಟ್ಟರೆ ನೀಲಿ ಪರದೆ. ಐದನೆಯದು ಬಿಟ್ಟರೆ ಯಂತ್ರ ದಿನವೂ ಸೇಫ್ ಮೋಡಿಗೇ ಬರುತ್ತದೆ.

ಐಡಿಇ ಮೋಡ್ ಇಂದು ಬೇಡ. ಅದರಲ್ಲಿ ಎಸ್‌ಎಸ್‌ಡಿ ನಿಧಾನವಾಗುತ್ತದೆ, ಹಾಟ್ ಪ್ಲಗ್ ಇರುವುದಿಲ್ಲ.

ಹೊಸ ಲ್ಯಾಪ್‌ಟಾಪಿಗೆ ವಿಂಡೋಸ್ ಹಾಕುವಾಗ ಡಿಸ್ಕ್ ಪಟ್ಟಿಯೇ ಖಾಲಿ ಬಂದರೆ ಹೆಚ್ಚಾಗಿ ವಿಎಂಡಿ ಕಾರಣ. ಇಂಟೆಲ್ ಆರ್‌ಎಸ್‌ಟಿ ಡ್ರೈವರನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ‘ಲೋಡ್ ಡ್ರೈವರ್’ ಒತ್ತಿ ಕೊಡಬಹುದು, ಇಲ್ಲವೆ ವಿಎಂಡಿ ಆಫ್ ಮಾಡಿ ಹೊಸದಾಗಿ ಹಾಕಬಹುದು. ಕಂಪನಿಯೇ ಹಾಕಿಕೊಟ್ಟ ವಿಂಡೋಸ್ ಇರುವಾಗ ಮಾತ್ರ ವಿಎಂಡಿ ಆಫ್ ಮಾಡಬೇಡಿ. ಮಾಡಿದರೆ ಮೇಲೆ ಹೇಳಿದ ನೀಲಿ ಪರದೆಯೇ ಬರುತ್ತದೆ.

ಹಂತ 5: ಯುಇಎಫ್‌ಐಯೋ, ಲೆಗಸಿಯೋ?

ವಿಂಡೋಸ್ ಬರುತ್ತಿದ್ದರೆ ಸಿಸ್ಟಮ್ ಇನ್‌ಫರ್ಮೇಷನ್ ತೆರೆದು ಬಯಾಸ್ ಮೋಡ್ ಎಂಬ ಸಾಲು ನೋಡಿ. ಬರದಿದ್ದರೆ ಇನ್‌ಸ್ಟಾಲರ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿ, ಡಿಸ್ಕ್‌ಪಾರ್ಟ್ ಒಳಗೆ ಹೋಗಿ ಲಿಸ್ಟ್ ಡಿಸ್ಕ್ ಕೊಡಿ. ಜಿಪಿಟಿ (ಡಿಸ್ಕ್ ವಿಭಾಗಿಸುವ ಹೊಸ ರೀತಿ) ಕಂಬದಲ್ಲಿ ನಕ್ಷತ್ರ ಇದ್ದರೆ ಬಯಾಸಿನಲ್ಲಿ ಯುಇಎಫ್‌ಐ ಬೇಕು. ಇಲ್ಲದಿದ್ದರೆ ಡಿಸ್ಕ್ ಎಂಬಿಆರ್ (ಹಳೆಯ ರೀತಿ), ಅದಕ್ಕೆ ಲೆಗಸಿ ಅಥವಾ ಸಿಎಸ್‌ಎಂ (ಯುಇಎಫ್‌ಐ ಯಂತ್ರದಲ್ಲಿ ಲೆಗಸಿ ರೀತಿಗೆ ಅವಕಾಶ ಕೊಡುವ ಸೆಟ್ಟಿಂಗ್) ಬೇಕು. ನೋಡಿದ ಮೇಲೆ ಎಕ್ಸಿಟ್ ಮಾಡಿ. ಕ್ಲೀನ್ ಎಂಬ ಕಮಾಂಡ್ ಕೊಟ್ಟಿರೋ, ಡಿಸ್ಕ್ ಖಾಲಿ.

ಡಿಸ್ಕ್ ಹೇಗಿದೆಯೋ ಹಾಗೆ ಬಯಾಸನ್ನು ಹೊಂದಿಸಿ. ಬಯಾಸಿಗೆ ತಕ್ಕಂತೆ ಡಿಸ್ಕನ್ನು ಹೊಂದಿಸಲು ಹೋಗುವುದು ಆಮೇಲಿನ ಮಾತು. ವಿಂಡೋಸ್ 11 ಬೇಕು, ಅಥವಾ 2 ಟಿಬಿಗಿಂತ ದೊಡ್ಡ ಡಿಸ್ಕಿನಿಂದ ಬೂಟ್ ಮಾಡಬೇಕು ಎಂದಾಗ ಎಂಬಿಆರ್ ಸಾಲದು. ವಿಂಡೋಸ್ 10ರ 1703 ಆವೃತ್ತಿಯಿಂದ ಎಂಬಿಆರ್2ಜಿಪಿಟಿ ಎಂಬ ಸಾಧನ ಒಳಗೇ ಬರುತ್ತದೆ. ಅದನ್ನು ಮೊದಲು ವ್ಯಾಲಿಡೇಟ್ ಆಯ್ಕೆಯಲ್ಲಿ ಓಡಿಸಿ, ಪಾಸಾದರೆ ಮಾತ್ರ ಕನ್ವರ್ಟ್. ಡೇಟಾ ಉಳಿಸಿಕೊಂಡೇ ಬದಲಿಸುತ್ತದಾದರೂ ಬ್ಯಾಕಪ್ ಇಲ್ಲದೆ ಮಾಡಬೇಡಿ. ಕನ್ವರ್ಟ್ ಆದ ಕೂಡಲೇ ಬಯಾಸಿಗೆ ಹೋಗಿ ಯುಇಎಫ್‌ಐ ಮಾಡಿ.

ಸಿಎಸ್‌ಎಂ ಆಫ್ ಮಾಡುವ ಮುಂಚೆ ಗ್ರಾಫಿಕ್ಸ್ ಕಾರ್ಡ್ ನೋಡಿ. ತುಂಬ ಹಳೆಯ ಕಾರ್ಡಿಗೆ ಯುಇಎಫ್‌ಐ ಭಾಷೆ ಬರುವುದಿಲ್ಲ, ಪರದೆ ಕಪ್ಪಾಗಿ ಬಯಾಸೇ ಕಾಣದಂತಾಗುತ್ತದೆ. ಕಾರ್ಡ್ ತೆಗೆದು ಬೋರ್ಡಿನ ಸ್ವಂತ ವಿಜಿಎ ಪೋರ್ಟಿಗೆ ಮಾನಿಟರ್ ಹಾಕಿ ನೋಡಿ. ಅದೂ ಆಗದಿದ್ದರೆ ಸಿಮೋಸ್ ಕ್ಲಿಯರ್ (ಬಯಾಸ್ ಸೆಟ್ಟಿಂಗ್ ಅಳಿಸುವುದು, ಕೊನೆಯಲ್ಲಿ ಹೇಳಿದೆ) ಒಂದೇ ದಾರಿ. ಸೆಕ್ಯೂರ್ ಬೂಟ್ ಬೇಕಾದರೆ ಸಿಎಸ್‌ಎಂ ಆಫ್ ಇರಲೇಬೇಕು.

ಹಂತ 6: ಬೂಟ್ ಸಾಲು

ಯುಇಎಫ್‌ಐ ಯಂತ್ರದಲ್ಲಿ ಮೊದಲ ಸ್ಥಾನ ಡಿಸ್ಕಿನ ಹೆಸರಿಗಲ್ಲ, ‘ವಿಂಡೋಸ್ ಬೂಟ್ ಮ್ಯಾನೇಜರ್’ ಎಂಬ ಸಾಲಿಗೆ. ಲೆಗಸಿ ಯಂತ್ರದಲ್ಲಿ ಎರಡು ಡಿಸ್ಕ್ ಇದ್ದರೆ ಬೂಟ್ ಪಟ್ಟಿಯಲ್ಲಿ ಒಂದೇ ಕಾಣುತ್ತದೆ. ಇನ್ನೊಂದು ‘ಹಾರ್ಡ್ ಡ್ರೈವ್ ಬಿಬಿಎಸ್ ಪ್ರಯಾರಿಟೀಸ್’ ಎಂಬ ಒಳಪುಟದಲ್ಲಿ ಅಡಗಿರುತ್ತದೆ. ಮೊದಲು ಆ ಒಳಪುಟದಲ್ಲಿ ವಿಂಡೋಸ್ ಇರುವ ಡಿಸ್ಕನ್ನು ಮೇಲೆ ತನ್ನಿ.

ಒಂದು ಸಲ ಮಾತ್ರ ಪೆನ್‌ಡ್ರೈವಿನಿಂದ ಬೂಟ್ ಮಾಡಬೇಕಿದ್ದರೆ ಸಾಲು ಬದಲಿಸುವ ಗೊಡವೆ ಬೇಡ. ಡೆಲ್, ಲೆನೊವೊ, ಗಿಗಾಬೈಟ್ ಬೋರ್ಡುಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್ ಬೋರ್ಡಿನಲ್ಲಿ ಎಫ್8, ಎಂಎಸ್‌ಐಯಲ್ಲಿ ಎಫ್11 ಒತ್ತಿದರೆ ಬೂಟ್ ಮೆನು ಬರುತ್ತದೆ.

ಹಂತ 7: ಯುಎಸ್‌ಬಿ ಮತ್ತು ನೆಟ್‌ವರ್ಕ್ ಪೋರ್ಟುಗಳು

ಡಿಸ್ಕ್ ಸರಿಹೋದ ಮೇಲೆ ಮಾತ್ರ ಇಲ್ಲಿಗೆ ಬನ್ನಿ. ಲೆಗಸಿ ಯುಎಸ್‌ಬಿ ಸಪೋರ್ಟ್ ಎನೇಬಲ್ ಇರಲಿ. ಎಕ್ಸ್‌ಎಚ್‌ಸಿಐ ಹ್ಯಾಂಡ್ ಆಫ್ ಕೂಡ ಎನೇಬಲ್. ಮುಂಬದಿ, ಹಿಂಬದಿ ಪೋರ್ಟುಗಳಿಗೆ ಬೇರೆ ಬೇರೆ ಸ್ವಿಚ್ ಇರುವ ಬಯಾಸಿನಲ್ಲಿ, ಕಚೇರಿಯಿಂದ ಬಂದ ಸೆಕೆಂಡ್ ಹ್ಯಾಂಡ್ ಯಂತ್ರವಾದರೆ ಪೆನ್‌ಡ್ರೈವ್ ತಡೆಯಲೆಂದು ಮುಂಬದಿಯದನ್ನು ಆಫ್ ಮಾಡಿರಬಹುದು. ಬೆರಳಚ್ಚು ಸಾಧನ, ಪ್ರಿಂಟರ್ ಕಾಣದಿದ್ದರೆ ಡ್ರೈವರ್ ಹುಡುಕುವ ಮುಂಚೆ ಇದನ್ನು ನೋಡಿ. ಎಲ್ಲ ಯುಎಸ್‌ಬಿಯನ್ನೂ ಒಟ್ಟಿಗೆ ಡಿಸೇಬಲ್ ಮಾಡಬೇಡಿ, ಕೀಬೋರ್ಡೇ ಹೋಗುತ್ತದೆ.

ಸಿಡಿಲು ಹೆಚ್ಚಾಗಿ ಒಳಗೆ ಬರುವ ದಾರಿಗಳಲ್ಲಿ ಇಂಟರ್ನೆಟ್ ಕೇಬಲ್ ಒಂದು. ಪವರ್ ಪ್ಲಗ್ ಕಿತ್ತು ಲ್ಯಾನ್ ವೈರನ್ನು ಹಾಗೇ ಬಿಟ್ಟರೆ ಅರ್ಧ ಕೆಲಸ ಮಾಡಿದಂತೆ. ಬೋರ್ಡಿನ ಲ್ಯಾನ್ ಪೋರ್ಟ್ ಮಾತ್ರ ಸುಟ್ಟು ಉಳಿದದ್ದು ಬದುಕಿದ್ದರೆ ಬಯಾಸಿನಲ್ಲಿ ಆನ್‌ಬೋರ್ಡ್ ಲ್ಯಾನ್ ಡಿಸೇಬಲ್ ಮಾಡಿ, ಯುಎಸ್‌ಬಿ ಅಥವಾ ಪಿಸಿಐಇ ಲ್ಯಾನ್ ಕಾರ್ಡ್ ಹಾಕಿಕೊಂಡು ಮುಂದುವರಿಯಬಹುದು. ಪೋರ್ಟಿನ ಹತ್ತಿರದ ಚಿಪ್ ಮುಟ್ಟಲಾಗದಷ್ಟು ಬಿಸಿಯಾಗುತ್ತಿದ್ದರೆ ಈ ಉಪಾಯ ಸಾಲದು, ಬೋರ್ಡನ್ನು ರಿಪೇರಿಗೆ ಕೊಡಿ.

ಹಂತ 8: ತೂಕದ ಯಂತ್ರದ ಸೀರಿಯಲ್, ಬಿಲ್ ಪ್ರಿಂಟರಿನ ಪ್ಯಾರಲಲ್

ಅಡಿಕೆ ಮಂಡಿ, ಸಹಕಾರ ಸಂಘಗಳಿಗೆ ಈ ಎರಡು ಹಳೆಯ ಪೋರ್ಟುಗಳು ಇಂದಿಗೂ ಬೇಕು. ಬಯಾಸಿನಲ್ಲಿ ಸೂಪರ್ ಐಒ ಅಥವಾ ಇಂಟಿಗ್ರೇಟೆಡ್ ಪೆರಿಫೆರಲ್ಸ್ ಪುಟದಲ್ಲಿ ಇರುತ್ತವೆ.

ಸೀರಿಯಲ್ ಪೋರ್ಟ್ ಎನೇಬಲ್ ಮಾಡಿ, ವಿಳಾಸ 3ಎಫ್8, ಐಆರ್‌ಕ್ಯೂ 4 ಇಡಿ. ಇದು ಕಾಮ್1. ಎರಡನೆಯದಿದ್ದರೆ 2ಎಫ್8, ಐಆರ್‌ಕ್ಯೂ 3, ಅದು ಕಾಮ್2. ಬಾಡ್ ರೇಟ್ (ಡೇಟಾ ಕಳಿಸುವ ವೇಗ) ಬಯಾಸಿನಲ್ಲಿ ಹುಡುಕಬೇಡಿ. ಅದನ್ನು ತೂಕದ ಯಂತ್ರದಲ್ಲೂ ಬಿಲ್ಲಿಂಗ್ ತಂತ್ರಾಂಶದಲ್ಲೂ ಒಂದೇ ಇಡಬೇಕು. ತೂಕದ ಬದಲು ವಿಚಿತ್ರ ಅಕ್ಷರಗಳು ಬಂದರೆ ಬಾಡ್ ರೇಟ್ ಹೊಂದುತ್ತಿಲ್ಲ ಎಂದರ್ಥ. ಏನೂ ಬರದಿದ್ದರೆ ಪೋರ್ಟ್ ಸಂಖ್ಯೆ ಅಥವಾ ಕೇಬಲ್ ನೋಡಿ.

ಬೋರ್ಡಿನಲ್ಲಿ ಸೀರಿಯಲ್ ಪೋರ್ಟೇ ಇಲ್ಲದೆ ಯುಎಸ್‌ಬಿ ಕನ್ವರ್ಟರ್ ಹಾಕಿದ್ದರೆ ಬಯಾಸಿಗೂ ಅದಕ್ಕೂ ಸಂಬಂಧವಿಲ್ಲ. ವಿಂಡೋಸ್ ಅದಕ್ಕೆ ಕಾಮ್7 ಎಂಬಂಥ ಸಂಖ್ಯೆ ಕೊಟ್ಟಿರುತ್ತದೆ, ಹಳೆಯ ತಂತ್ರಾಂಶ ಕಾಮ್1ರಲ್ಲೇ ಕಾಯುತ್ತಿರುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ಪೋರ್ಟ್ಸ್, ಅಡ್ವಾನ್ಸ್‌ಡ್ ಎಂದು ಹೋಗಿ ಸಂಖ್ಯೆ ಬದಲಿಸಿ. ಕನ್ವರ್ಟರನ್ನು ಯಾವಾಗಲೂ ಅದೇ ಯುಎಸ್‌ಬಿ ಪೋರ್ಟಿಗೆ ಹಾಕಿ, ಬೇರೆಯದಕ್ಕೆ ಹಾಕಿದರೆ ಸಂಖ್ಯೆ ಬದಲಾಗಬಹುದು.

ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಪ್ಯಾರಲಲ್ ಪೋರ್ಟಿಗೆ ವಿಳಾಸ 378, ಐಆರ್‌ಕ್ಯೂ 7. ಮೋಡ್ ಇಸಿಪಿ ಇದ್ದು ಪ್ರಿಂಟ್ ಅರ್ಧಕ್ಕೆ ನಿಲ್ಲುತ್ತಿದ್ದರೆ ಇಪಿಪಿ, ಅದೂ ಆಗದಿದ್ದರೆ ಎಸ್‌ಪಿಪಿ ಇಟ್ಟು ನೋಡಿ. ಈ ಕೇಬಲನ್ನು ಪ್ರಿಂಟರ್, ಕಂಪ್ಯೂಟರ್ ಎರಡೂ ಆಫ್ ಇರುವಾಗಲೇ ಹಾಕಬೇಕು, ತೆಗೆಯಬೇಕು. ಆನ್ ಇರುವಾಗ ಕಿತ್ತರೆ ಪೋರ್ಟಿನ ಚಿಪ್ ಸುಡಬಹುದು.

ಹಂತ 9: ಕರೆಂಟು ಹೋಗಿ ಬಂದಾಗ

‘ರಿಸ್ಟೋರ್ ಆನ್ ಎಸಿ ಪವರ್ ಲಾಸ್’ ಎಂಬ ಸೆಟ್ಟಿಂಗನ್ನು ಪವರ್ ಆಫ್‌ನಲ್ಲಿಡಿ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಆಟವಾಡುವಾಗ ಲಾಸ್ಟ್ ಸ್ಟೇಟ್ ಅಥವಾ ಪವರ್ ಆನ್ ಇದ್ದರೆ, ಡಿಸ್ಕ್ ತಿರುಗಲು ಶುರುವಾಗುವಷ್ಟರಲ್ಲಿ ಮತ್ತೆ ಕಡಿತ. ಸಿಸಿಟಿವಿ ರೆಕಾರ್ಡ್ ಮಾಡುವ ಯಂತ್ರಕ್ಕೆ ಮಾತ್ರ ಪವರ್ ಆನ್ ಸರಿ, ಅದೂ ಯುಪಿಎಸ್ ಇದ್ದರೆ. ಮನೆಯ ಇನ್ವರ್ಟರಿಗೆ ಕಂಪ್ಯೂಟರ್ ಹಾಕಿದ್ದರೆ ಹಿಂಬದಿಯ ಸ್ವಿಚ್ ಯುಪಿಎಸ್ ಮೋಡಿನಲ್ಲಿರಲಿ. ಎಕೊ ಮೋಡಿನಲ್ಲಿ ಬದಲಾವಣೆ ನಿಧಾನ, ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ.

ಎಲ್ಲ ಕೈಮೀರಿದರೆ

ಪರದೆ ಕಪ್ಪಾಗಿ ಬಯಾಸಿಗೂ ಹೋಗಲಾಗದಿದ್ದರೆ ಪ್ಲಗ್ ಕಿತ್ತು, ಪವರ್ ಬಟನ್ ಒತ್ತಿ ಬಿಟ್ಟು, ಸೆಲ್ ತೆಗೆದು ಐದು ನಿಮಿಷ ಬಿಡಿ. ಬೋರ್ಡಿನ ಮೇಲೆ ಕ್ಲಿಯರ್ ಸಿಮೋಸ್ ಎಂದು ಬರೆದ ಎರಡು ಪಿನ್ ಇದ್ದರೆ ಸ್ಕ್ರೂಡ್ರೈವರ್ ತುದಿಯಿಂದ ಕೆಲವು ಸೆಕೆಂಡ್ ಸೇರಿಸಿ ಹಿಡಿಯಿರಿ. ಪ್ಲಗ್ ಕಿತ್ತಿರುವಾಗ ಮಾತ್ರ. ಸೆಲ್ ಹಾಕಿ ಆನ್ ಮಾಡಿದರೆ ಎಲ್ಲವೂ ಡಿಫಾಲ್ಟ್‌ಗೆ ಬಂದಿರುತ್ತದೆ, ಹಂತ 1ರ ಫೋಟೋ ನೋಡಿಕೊಂಡು ಸಾಟಾ ಮೋಡ್ ಮತ್ತು ಬೂಟ್ ಬಗೆ ಎರಡನ್ನು ಮೊದಲು ಹಿಂದಿನಂತೆ ಮಾಡಿ.

ಬಯಾಸ್ ಅಪ್‌ಡೇಟ್ ಮಾಡಿದರೆ ಸರಿಹೋದೀತು ಎಂದು ಯಾರಾದರೂ ಹೇಳಿದರೆ, ಮೇಲಿನ ಒಂಬತ್ತು ಹಂತ ಮುಗಿಯುವವರೆಗೆ ಕಿವಿಗೊಡಬೇಡಿ. ಮಾಡಲೇಬೇಕಾದರೆ ಯುಪಿಎಸ್ ಇರಲಿ, ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿರಲಿ, ಆಕಾಶ ಗುಡುಗುತ್ತಿರುವ ದಿನವಂತೂ ಬೇಡ. ಅರ್ಧಕ್ಕೆ ಕರೆಂಟು ಹೋದರೆ ಬೋರ್ಡ್ ಏಳುವುದಿಲ್ಲ, ಚಿಪ್ಪಿಗೆ ಪ್ರೋಗ್ರಾಮರ್‌ನಿಂದ ಮತ್ತೆ ಬರೆಸಬೇಕಾಗುತ್ತದೆ.